ಚಿತ್ರ ಬಾರ್ಸಿಲೋನಾದಲ್ಲಿದೆ, ಸರಿ; ಚರ್ಚು ಮಾತ್ರ ಬೋಯಿ ಕಣಿವೆಯಲ್ಲೇ ಇದೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಸ್ಪೇನ್ ಪ್ರವಾಸದ ಬರಹ ಓದಿದೆ. ಬಾರ್ಸಿಲೋನಾ ಬಗ್ಗೆ ಬರೆದದ್ದೆಲ್ಲ ಚೆನ್ನಾಗಿದೆ, ಅದರಲ್ಲಿ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಕೊನೆಯ ಪ್ಯಾರಾದಲ್ಲಿ. ಪಿರನೀಸ್ ಬೆಟ್ಟಗಳ ನಡುವಿನ ಬೋಯಿ ಕಣಿವೆಯ ಹಳೆಯ ಚರ್ಚುಗಳಿಗೆ ಹೋಗುವ ಕಷ್ಟ ಬೇಡ, ಅಲ್ಲಿನ ಚಿತ್ರಗಳನ್ನೆಲ್ಲ ಯಾವತ್ತೋ ಕಿತ್ತು ಬಾರ್ಸಿಲೋನಾದ ಮ್ಯೂಸಿಯಂಗೆ ತಂದಾಗಿದೆ, ಈಗ ಅಲ್ಲಿರುವುದು ಖಾಲಿ ಗೋಡೆ ಮತ್ತು ನಕಲು, ಮ್ಯೂಸಿಯಂನಲ್ಲಿ ಎರಡು ಗಂಟೆ ಕಳೆದರೆ ಸಾಕು ಅಂತ ಲೇಖಕರು ಬರೆದುಬಿಟ್ಟಿದ್ದಾರೆ. ಓದಿದವರು ಹೌದೇನೋ ಅಂದುಕೊಂಡು ಆ ದಾರಿಯನ್ನೇ ಬಿಟ್ಟುಬಿಡುತ್ತಾರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಒಂದು ಸಣ್ಣ ಲೆಕ್ಕ. ಯುನೆಸ್ಕೊ ಈ ಕಣಿವೆಯ ಚರ್ಚುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2000ದಲ್ಲಿ. ಗೋಡೆಚಿತ್ರಗಳನ್ನು ತೆಗೆದುಕೊಂಡು ಹೋದದ್ದು 1919ರಿಂದ 1923ರ ನಡುವೆ. ಅಂದರೆ ಚಿತ್ರಗಳು ಹೋಗಿ ಮುಕ್ಕಾಲು ಶತಮಾನ ಕಳೆದ ಮೇಲೆ ಪಟ್ಟಿಗೆ ಸೇರಿದ ಜಾಗ ಇದು. ಬರೀ ಖಾಲಿ ಗೋಡೆ ಆಗಿದ್ದರೆ ಯಾರು ಕೇಳುತ್ತಿದ್ದರು ಹೇಳಿ?

ಬೋಯಿ ಕಣಿವೆ ಇರುವುದು ಕಟಲೋನಿಯಾದ ವಾಯವ್ಯ ಮೂಲೆಯಲ್ಲಿ, ಅರಗಾನ್ ಗಡಿಗೆ ಅಂಟಿಕೊಂಡು. ನೊಗೆರಾ ದ ತೋರ್ ಅನ್ನುವ ಹೊಳೆ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ, ಅದರ ಎರಡೂ ಬದಿಯ ಇಳಿಜಾರಿನಲ್ಲಿ ಕಲ್ಲಿನ ಮನೆಗಳ ಸಣ್ಣ ಸಣ್ಣ ಊರುಗಳು. ಮೇಲೆ ನೋಡಿದರೆ ಮೂರು ಸಾವಿರ ಮೀಟರ್ ದಾಟಿದ ಶಿಖರಗಳು. ಬಾರ್ಸಿಲೋನಾದಿಂದ ಕಾರಿನಲ್ಲಿ ನಾಲ್ಕು ಗಂಟೆಯ ಆಸುಪಾಸು. ಪಟ್ಟಿಯಲ್ಲಿ ಇರುವುದು ಒಟ್ಟು ಒಂಬತ್ತು ಕಟ್ಟಡ: ತಾಊಲ್ ಊರಿನಲ್ಲಿ ಸಾಂಟ್ ಕ್ಲಿಮೆಂಟ್ ಮತ್ತು ಸಾಂತಾ ಮರಿಯಾ, ಬೋಯಿಯಲ್ಲಿ ಸಾಂಟ್ ಜುವಾನ್, ಏರಿಲ್ ಲ ವಾಲ್‌ನಲ್ಲಿ ಸಾಂತಾ ಎವುಲಾಲಿಯಾ, ಬರ್ರುಎರಾದಲ್ಲಿ ಸಾಂಟ್ ಫೆಲಿಯು, ದುರ್ರೊದಲ್ಲಿ ಮಾತೆ ಮರಿಯಳ ಜನನದ ಹೆಸರಿನ ಚರ್ಚು ಮತ್ತು ಅದರ ಮೇಲೆ ಗುಡ್ಡದಲ್ಲಿ ಸಾಂಟ್ ಕಿರ್ಕ್ ಅನ್ನುವ ಪುಟ್ಟ ಗುಡಿ, ಆಮೇಲೆ ಕಣಿವೆಯ ಬಾಯಿಯ ಕಡೆ ಕಾರ್ಡೆಟ್ ಮತ್ತು ಕೋಲ್. ಊರು ಇಷ್ಟು ಚಿಕ್ಕದು, ಚರ್ಚಿನ ಗಂಟೆಗೋಪುರ ಇಷ್ಟು ಎತ್ತರ, ಇದು ಹೇಗೆ ಅನ್ನುವ ಪ್ರಶ್ನೆ ಅಲ್ಲಿಗೆ ಹೋದ ಯಾರಿಗಾದರೂ ಮೊದಲು ಬರುತ್ತದೆ.

ಉತ್ತರ ದುಡ್ಡಿನಲ್ಲಿದೆ. 11 ಮತ್ತು 12ನೇ ಶತಮಾನದಲ್ಲಿ ಈ ಕಣಿವೆ ಏರಿಲ್ ಮನೆತನದ ಕೈಯಲ್ಲಿತ್ತು. ಆ ಪಾಳೆಯಗಾರರು ಅರಗಾನಿನ ರಾಜರ ಜೊತೆ ಸೇರಿ ದಕ್ಷಿಣದ ಮುಸ್ಲಿಂ ರಾಜ್ಯಗಳ ಮೇಲೆ ದಂಡೆತ್ತಿ ಹೋದರು, ಅಲ್ಲಿಂದ ಬಂದ ಸಂಪತ್ತಿನಲ್ಲಿ ಈ ಚರ್ಚುಗಳನ್ನು ಕಟ್ಟಿಸಿದರು ಅಂತ ಇತಿಹಾಸಕಾರರು ಹೇಳುತ್ತಾರೆ. ಕಟ್ಟುವ ಶೈಲಿ ಬಂದದ್ದು ಇಟಲಿಯ ಲೊಂಬಾರ್ಡಿಯಿಂದ. ಸಣ್ಣದಾಗಿ ಒಡೆದು ಸಾಲಾಗಿ ಜೋಡಿಸಿದ ಕಲ್ಲು, ಗೋಡೆಯ ಮೇಲಂಚಿನಲ್ಲಿ ಓಡುವ ಕುರುಡು ಕಮಾನುಗಳ (ಬಾಯಿ ತೆರೆಯದೆ ಗೋಡೆಗೇ ಅಂಟಿದ ಕಮಾನುಗಳ) ಸಾಲು, ಚೌಕಾಕಾರದ ಗೋಪುರದಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಜೋಡಿ ಕಿಟಕಿಗಳು. ಒಳಗೆ ಮರದ ಚಾವಣಿ, ತುದಿಯಲ್ಲಿ ಬಲಿಪೀಠದ ಹಿಂದೆ ಅರ್ಧಗುಮ್ಮಟ. ಇಷ್ಟೇ. ಆಡಂಬರ ಇಲ್ಲ.

ಆಮೇಲೆ ಏನಾಯಿತು ಅನ್ನುವುದು ಇನ್ನೂ ಮುಖ್ಯ. ಏನೂ ಆಗಲಿಲ್ಲ! ರಾಜಕೀಯ, ವ್ಯಾಪಾರ ಎಲ್ಲ ದಕ್ಷಿಣದ ಬಯಲಿಗೆ ಸರಿಯಿತು, ಕಣಿವೆ ಬಡವಾಯಿತು, ದಾರಿ ಇಲ್ಲದ ಮೂಲೆಯಾಯಿತು. ಬೇರೆ ಕಡೆ ಶ್ರೀಮಂತ ಊರುಗಳು ಹಳೆಯ ಚರ್ಚನ್ನು ಕೆಡವಿ ಗೋಥಿಕ್ ಕಟ್ಟಿದವು, ಅದನ್ನೂ ಕೆಡವಿ ಬರೋಕ್ ಕಟ್ಟಿದವು. ಇಲ್ಲಿ ಕೆಡವಿ ಕಟ್ಟುವಷ್ಟು ದುಡ್ಡು ಯಾರ ಹತ್ತಿರ ಇತ್ತು? ಸ್ವಲ್ಪ ಸೇರಿಸಿದರು, ಸ್ವಲ್ಪ ಸುಣ್ಣ ಹೊಡೆದರು, ಒಂದೆರಡು ಕಡೆ ಬದಲಾಯಿಸಿದರು, ಉಳಿದದ್ದು ಉಳಿಯಿತು. ಬಡತನವೇ ಕಾವಲು ಕಾದ ಊರುಗಳಿವು.

ಈಗ ಚಿತ್ರಗಳ ವಿಷಯಕ್ಕೆ ಬರೋಣ. ಲೇಖಕರು "ಕಿತ್ತು ತಂದಾಗಿದೆ" ಅಂತ ಎರಡೇ ಪದದಲ್ಲಿ ಮುಗಿಸಿದ್ದಾರೆ, ಆದರೆ ಆ ಕಥೆ ಗೊತ್ತಿಲ್ಲದೆ ಮ್ಯೂಸಿಯಂ ನೋಡಿದರೂ ಅರ್ಧವೇ ನೋಡಿದ ಹಾಗೆ.

1907ರಲ್ಲಿ ಬಾರ್ಸಿಲೋನಾದಿಂದ ಒಂದು ಸಣ್ಣ ತಂಡ ಹೇಸರಗತ್ತೆಗಳ ಮೇಲೆ ಈ ಬೆಟ್ಟಗಳಿಗೆ ಬಂತು. ವಾಸ್ತುಶಿಲ್ಪಿ ಜುಸೆಪ್ ಪುಯಿಗ್ ಇ ಕಾದಫಾಲ್ಕ್ ಅದರ ಮುಂದಾಳು, ಫೋಟೊ ತೆಗೆದವರು ಅದೋಲ್ಫ್ ಮಾಸ್. ಆಗಷ್ಟೇ ಹುಟ್ಟಿದ್ದ ಕಟಲನ್ ಅಧ್ಯಯನ ಸಂಸ್ಥೆ ಅವರನ್ನು ಕಳಿಸಿತ್ತು. ತಾಊಲ್‌ನ ಸಾಂಟ್ ಕ್ಲಿಮೆಂಟ್‌ನಲ್ಲಿ ದೊಡ್ಡದೊಂದು ಮರದ ಪೀಠಫಲಕದ ಹಿಂದೆ ಅರ್ಧ ಮುಚ್ಚಿಹೋಗಿದ್ದ ಚಿತ್ರ, ಏರಿಲ್ ಚರ್ಚಿನಲ್ಲಿ ಯೇಸುವನ್ನು ಶಿಲುಬೆಯಿಂದ ಇಳಿಸುವ ದೃಶ್ಯದ ಮರದ ಮೂರ್ತಿಗಳು, ಹೀಗೆ ಒಂದೊಂದೇ ಕಣ್ಣಿಗೆ ಬಿದ್ದವು. ಅವರು ಫೋಟೊ ತೆಗೆದರು, ಚಿತ್ರಗಳನ್ನು ನಕಲು ಮಾಡಿಸಿ ಅಚ್ಚು ಹಾಕಿಸಿದರು. ಜಗತ್ತಿಗೆ ಗೊತ್ತಾಗಲಿ ಅಂತ. ಗೊತ್ತಾಯಿತು, ಆದರೆ ವಿದ್ವಾಂಸರಿಗೆ ಮಾತ್ರ ಅಲ್ಲ, ಹಳೆಯ ವಸ್ತುಗಳ ವ್ಯಾಪಾರಿಗಳಿಗೂ ಗೊತ್ತಾಯಿತು.

1919ರಲ್ಲಿ ಪಕ್ಕದ ಪಲ್ಯಾರ್ಸ್ ಸೀಮೆಯ ಸಾಂತಾ ಮರಿಯಾ ದ ಮುರ್ ಚರ್ಚಿನ ಅರ್ಧಗುಮ್ಮಟದ ಚಿತ್ರ ಗೋಡೆಯಿಂದ ಕಳಚಿಕೊಂಡು ಹೊರಟುಹೋಯಿತು. ಕಾನೂನಿನ ಪ್ರಕಾರ ತಡೆಯುವವರು ಯಾರೂ ಇರಲಿಲ್ಲ. ಅದು ಅಮೆರಿಕ ಸೇರಿತು, ಈಗಲೂ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದೆ. ಆಗ ಬಾರ್ಸಿಲೋನಾದ ಮ್ಯೂಸಿಯಂ ಮಂಡಳಿಗೆ ಗಾಬರಿಯಾಯಿತು. ಉಳಿದದ್ದೂ ಹೋಗುತ್ತದೆ, ಬೇಗ ಏನಾದರೂ ಮಾಡಬೇಕು. ಅವರು ಮಾಡಿದ್ದೇನು ಗೊತ್ತಾ? ಮುರ್ ಚಿತ್ರವನ್ನು ಕಳಚಿದ್ದ ಅದೇ ಇಟಲಿಯ ಕುಶಲಿ ಫ್ರಾಂಕೊ ಸ್ಟೆಫನೋನಿಯನ್ನೇ ತಮ್ಮ ಕೆಲಸಕ್ಕೆ ಇಟ್ಟುಕೊಂಡು, ಬೆಟ್ಟದ ಚರ್ಚುಗಳ ಚಿತ್ರಗಳನ್ನು ದುಡ್ಡು ಕೊಟ್ಟು ಕೊಂಡು, ವ್ಯಾಪಾರಿಗಳು ಬರುವ ಮೊದಲು ತಾವೇ ಕಳಚಿಸಿ ತಂದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯೋದು ಅಂತಾರಲ್ಲ.

ಕಳಚುವ ವಿಧಾನಕ್ಕೆ ಸ್ಟ್ರಾಪೊ ಅಂತ ಹೆಸರು. ಪ್ರಾಣಿಗಳ ಎಲುಬು, ಚರ್ಮದಿಂದ ಮಾಡಿದ ಅಂಟನ್ನು ಬಿಸಿ ಮಾಡಿ ಚಿತ್ರದ ಮೇಲೆ ಬಳಿದು ಹತ್ತಿ ಬಟ್ಟೆ ಅಂಟಿಸುತ್ತಾರೆ. ಅಂಟು ಒಣಗುತ್ತಾ ಬಿಗಿಯುತ್ತದೆ, ಬಣ್ಣದ ತೆಳುಪದರವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಮೇಲೆ ಬಟ್ಟೆಯನ್ನು ಹುಷಾರಾಗಿ ಎಳೆದರೆ, ಕಾಯಿಸಿದ ಹಾಲಿನ ಮೇಲಿಂದ ಕೆನೆ ಎತ್ತಿದ ಹಾಗೆ, ಚಿತ್ರ ಗೋಡೆ ಬಿಟ್ಟು ಬಟ್ಟೆಗೆ ಬರುತ್ತದೆ. ಅದನ್ನು ಸುರುಳಿ ಸುತ್ತಿ ಹೇಸರಗತ್ತೆಯ ಬೆನ್ನ ಮೇಲೆ ಹೇರಿ ಬೆಟ್ಟ ಇಳಿಸಿದರು. ಬಾರ್ಸಿಲೋನಾದಲ್ಲಿ ಹಿಂಬದಿಗೆ ಹೊಸ ಬಟ್ಟೆ ಅಂಟಿಸಿ, ಮುಂಬದಿಯ ಬಟ್ಟೆಯನ್ನು ಬಿಸಿನೀರಿನಲ್ಲಿ ಬಿಡಿಸಿ, ಅರ್ಧಗುಮ್ಮಟದ ಆಕಾರದಲ್ಲೇ ಮರದ ಚೌಕಟ್ಟು ಮಾಡಿ ಅದರೊಳಗೆ ಕೂರಿಸಿದರು. ಮ್ಯೂಸಿಯಂನಲ್ಲಿ ಹಿಂದಿನಿಂದ ಹೋಗಿ ನೋಡಿದರೆ ಆ ಮರದ ಪಕ್ಕೆಲುಬು ಕಾಣುತ್ತದೆ. ನನಗಂತೂ ಮುಂಭಾಗದಷ್ಟೇ ಆ ಹಿಂಭಾಗವೂ ಇಷ್ಟವಾಯಿತು.

ಒಂದು ಮಾತು ನೆನಪಿಡಿ: ಈ ವಿಧಾನದಲ್ಲಿ ಬರುವುದು ಮೇಲಿನ ಪದರ ಮಾತ್ರ, ಗೋಡೆ ಒಳಗೆ ಹೀರಿಕೊಂಡ ಬಣ್ಣ ಗೋಡೆಯಲ್ಲೇ ಉಳಿಯುತ್ತದೆ. ಹಾಗಾಗಿ "ಎಲ್ಲವನ್ನೂ ತಂದಾಗಿದೆ" ಅನ್ನುವುದೇ ಸರಿಯಲ್ಲ. ಸಾಂಟ್ ಕ್ಲಿಮೆಂಟ್‌ನಲ್ಲಿ 1123ರ ಮೂಲ ಬಣ್ಣದ ತುಣುಕುಗಳು ಈಗಲೂ ಗೋಡೆಯ ಮೇಲೇ ಇವೆ, ಕಾಯಿನನು ತಮ್ಮ ಹೇಬೆಲನನ್ನು ಕೊಲ್ಲುವ ದೃಶ್ಯದ ಭಾಗವೂ ಅಲ್ಲೇ ಇದೆ.

1123 ಅಂದೆನಲ್ಲ, ಅದು ಅಂದಾಜಿನ ಇಸವಿ ಅಲ್ಲ. ಚರ್ಚಿನ ಕಂಬವೊಂದರ ಮೇಲೆ ಬಣ್ಣದಲ್ಲಿ ಬರೆದಿಟ್ಟಿದ್ದರು: ಆ ವರ್ಷದ ಡಿಸೆಂಬರ್ 10ರಂದು ಬಾರ್ಬಾಸ್ಟ್ರೊದ ಬಿಷಪ್ ರಾಮೋನ್ ಬಂದು ಸಂತ ಕ್ಲೆಮೆಂಟನ ಹೆಸರಿನಲ್ಲಿ ಈ ಚರ್ಚನ್ನು ಪ್ರತಿಷ್ಠಾಪಿಸಿದರು ಅಂತ. ಮಾರನೇ ದಿನ, 11ರಂದು, ಅದೇ ಊರಿನ ಸಾಂತಾ ಮರಿಯಾವನ್ನೂ ಪ್ರತಿಷ್ಠಾಪಿಸಿದರು. ನಡು ಚಳಿಗಾಲದಲ್ಲಿ, ಸುಮಾರು 1,500 ಮೀಟರ್ ಎತ್ತರದ ಹಳ್ಳಿಗೆ, ಬಿಷಪ್ ಬಂದು ಎರಡು ದಿನದಲ್ಲಿ ಎರಡು ಚರ್ಚು! ಭಕ್ತಿ ಇತ್ತು, ಇಲ್ಲ ಅನ್ನಲ್ಲ. ಆದರೆ ಈ ಕಣಿವೆ ತಮ್ಮದು ಅಂತ ಉರ್ಜೆಲ್‌ನ ಬಿಷಪ್‌ಗಳೂ ಹಕ್ಕು ಸಾಧಿಸುತ್ತಿದ್ದ ಕಾಲ ಅದು. ಪ್ರತಿಷ್ಠೆ ಮಾಡಿ ಗೋಡೆಯ ಮೇಲೆ ಹೆಸರು ಬರೆಸುವುದು ಅಂದರೆ ಜಾಗ ಯಾರದು ಅಂತ ಹೇಳುವುದೂ ಹೌದು ಅಲ್ವಾ?

ಆ ಅರ್ಧಗುಮ್ಮಟದ ಚಿತ್ರ ನೀವು ಯಾವುದಾದರೂ ಪುಸ್ತಕದಲ್ಲಿ ನೋಡಿಯೇ ಇರುತ್ತೀರಿ. ಬಾದಾಮಿ ಆಕಾರದ ಪ್ರಭಾವಳಿಯ ನಡುವೆ ಕುಳಿತ ಕ್ರಿಸ್ತ, ಉದ್ದ ಮುಖ, ನೇರ ಮೂಗು, ತಪ್ಪಿಸಿಕೊಳ್ಳಲಾಗದ ಕಣ್ಣು. ಬಲಗೈ ಎತ್ತಿದೆ, ಎಡಗೈಯಲ್ಲಿ "ನಾನೇ ಜಗತ್ತಿನ ಬೆಳಕು" ಅನ್ನುವ ಲ್ಯಾಟಿನ್ ಮಾತು ಬರೆದ ಪುಸ್ತಕ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ, ತಾಊಲ್‌ನ ಗುರು ಅಂತಲೇ ಕರೆಯುತ್ತಾರೆ. ಆ ಚಿತ್ರದ ನೀಲಿ ಬಣ್ಣ ದೂರದ ದೇಶದಿಂದ ತರಿಸಿದ್ದಲ್ಲ, ಪಿರನೀಸ್ ಸೀಮೆಯಲ್ಲೇ ಸಿಗುವ ಏರಿನೈಟ್ ಅನ್ನುವ ಖನಿಜದ್ದು. ಸುತ್ತಲೂ ರೆಕ್ಕೆ ತುಂಬ ಕಣ್ಣುಗಳಿರುವ ದೇವದೂತರು, ಏಳು ಕಣ್ಣಿನ ಕುರಿಮರಿ. ಇದೆಲ್ಲ ದೈವಿಕ ಗಾಂಭೀರ್ಯದ ಮಾತಾಯಿತು, ನನ್ನ ಮನಸ್ಸಿನಲ್ಲಿ ಕೂತದ್ದು ಬೇರೆ. ಕೆಳಗೆ ಒಂದು ಬದಿಯಲ್ಲಿ ಶ್ರೀಮಂತನ ಬಾಗಿಲಲ್ಲಿ ಬಿದ್ದ ಬಡ ಲಾಜರ, ಅವನ ಹುಣ್ಣು ನೆಕ್ಕುತ್ತಿರುವ ಒಂದು ನಾಯಿ. ಒಂಬೈನೂರು ವರ್ಷ ಹಿಂದೆ ಅಷ್ಟು ಸರಳವಾಗಿ, ಅಷ್ಟು ಮರುಕದಿಂದ ಒಂದು ನಾಯಿಯನ್ನು ಬರೆದಿದ್ದಾನೆ. ಮ್ಯೂಸಿಯಂಗೆ ಹೋದವರು ಕ್ರಿಸ್ತನ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ, ದಯವಿಟ್ಟು ಆ ನಾಯಿಯನ್ನೂ ನೋಡಿ.

ಸರಿ, ಇಷ್ಟೆಲ್ಲ ಮ್ಯೂಸಿಯಂನಲ್ಲಿದ್ದರೆ ಬೆಟ್ಟಕ್ಕೆ ಯಾಕೆ ಹೋಗಬೇಕು?

ಸಾಂಟ್ ಕ್ಲಿಮೆಂಟ್‌ನಲ್ಲಿ ಹಲವು ದಶಕಗಳ ಕಾಲ ಒಂದು ನಕಲು ಚಿತ್ರ ಇತ್ತು. ಅದನ್ನು 2013ರಲ್ಲಿ ತೆಗೆದುಹಾಕಿ, ಗೋಡೆಯಲ್ಲಿ ಉಳಿದ ಮೂಲ ತುಣುಕುಗಳನ್ನು ಶುಚಿ ಮಾಡಿ, ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಟ್ಟರು. ಈಗ ಅಲ್ಲಿ ದೀಪ ಆರಿಸಿ ಪ್ರೊಜೆಕ್ಟರ್‌ನಿಂದ ಚಿತ್ರವನ್ನು ಅದರದೇ ಜಾಗದಲ್ಲಿ, ಅದರದೇ ಅಳತೆಯಲ್ಲಿ ಮೂಡಿಸುತ್ತಾರೆ. ಹತ್ತು ನಿಮಿಷದಷ್ಟು ಕಾಲ. ಮೊದಲು ಗೆರೆ, ಆಮೇಲೆ ಬಣ್ಣ, ಆಮೇಲೆ ಇಡೀ ಗೋಡೆ ತುಂಬಿಕೊಂಡು 1123ರಲ್ಲಿ ಹೇಗಿತ್ತೋ ಹಾಗೆ. ಮುಗಿದ ಮೇಲೆ ದೀಪ ಹತ್ತುತ್ತದೆ, ಮತ್ತೆ ಬೋಳು ಗೋಡೆ, ಮೂಲೆಯಲ್ಲಿ ಒಂದಿಷ್ಟು ಮೂಲ ಬಣ್ಣ. ಇದು ಗಿಮಿಕ್ಕು, ಚರ್ಚನ್ನು ಸಿನಿಮಾ ಥಿಯೇಟರ್ ಮಾಡಿದ್ದಾರೆ ಅಂತ ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸಲಿಲ್ಲ. ನಕಲು ಚಿತ್ರ ಇದ್ದಾಗ ನೋಡುವವರಿಗೆ ಯಾವುದು ಅಸಲು, ಯಾವುದು ನಕಲು ಗೊತ್ತಾಗುತ್ತಿರಲಿಲ್ಲ. ಈಗ ಎರಡೂ ಗೊತ್ತಾಗುತ್ತದೆ: ಇಲ್ಲಿ ಏನಿತ್ತು, ಇಲ್ಲಿಂದ ಏನು ಹೋಯಿತು. ಕಳೆದುಕೊಂಡದ್ದನ್ನು ಮುಚ್ಚಿಡದೆ ತೋರಿಸುವ ಧೈರ್ಯ ಎಷ್ಟು ಕಡೆ ಇದೆ?

ಇನ್ನೊಂದು, ಅಳತೆ. ಆ ಚಿತ್ರ ಆರು ಮೀಟರ್‌ಗಿಂತ ಎತ್ತರ. ಮ್ಯೂಸಿಯಂನ ದೊಡ್ಡ ಕೋಣೆಯಲ್ಲಿ ಅದರ ಹತ್ತಿರ ಅಕ್ಕಪಕ್ಕ ಓಡಾಡಬಹುದು, ಬೆಳಕು ಎಲ್ಲ ಕಡೆಯಿಂದ ಒಂದೇ ಸಮ. ಚರ್ಚಿನಲ್ಲಿ ಹಾಗಲ್ಲ. ಕಂಬಗಳ ಎರಡು ಸಾಲಿನ ನಡುವೆ, ಕಿರುಕಿಟಕಿಗಳ ಮಂದ ಬೆಳಕಿನಲ್ಲಿ, ದೂರದಿಂದ ನಡೆದು ಬರುವ ಮನುಷ್ಯನಿಗೆ ಮೇಲಿನಿಂದ ಕಾಣುವ ಹಾಗೆ ಬರೆದ ಚಿತ್ರ ಅದು. ಮುಖ ಯಾಕೆ ಅಷ್ಟು ಉದ್ದ, ಕಣ್ಣು ಯಾಕೆ ಅಷ್ಟು ದೊಡ್ಡದು ಅನ್ನುವುದು ಕೆಳಗೆ ನಿಂತು ಕತ್ತೆತ್ತಿದಾಗಲೇ ಅರ್ಥವಾಗುವುದು.

ಹಾಗಂತ ಮ್ಯೂಸಿಯಂ ಬೇಡ ಅನ್ನುತ್ತಿಲ್ಲ. ಮೊಂಜುಯಿಕ್ ಗುಡ್ಡದ ಮೇಲಿನ ಆ ರಾಷ್ಟ್ರೀಯ ಕಲಾ ಮ್ಯೂಸಿಯಂನಲ್ಲಿ ಇರುವಷ್ಟು ರೋಮನೆಸ್ಕ್ (ಗೋಥಿಕ್‌ಗಿಂತ ಮುಂಚಿನ, ಈ ಚರ್ಚುಗಳ ಕಾಲದ ಶೈಲಿಯ) ಗೋಡೆಚಿತ್ರ ಒಂದೇ ಕಡೆ ಬೇರೆಲ್ಲೂ ನೋಡಲು ಸಿಗುವುದಿಲ್ಲ. 1934ರಲ್ಲಿ ಪಿಕಾಸೊ ಅಲ್ಲಿಗೆ ಬಂದು ಈ ಚಿತ್ರಗಳನ್ನು ನೋಡಿ ಬೆರಗಾದದ್ದು ದಾಖಲಾಗಿದೆ. ಅಂತರ್ಯುದ್ಧದ ಕಾಲದಲ್ಲಿ ಇವನ್ನು ಓಲೊತ್ ಊರಿಗೆ ಸಾಗಿಸಿ ಬಚ್ಚಿಟ್ಟಿದ್ದರು, 1937ರಲ್ಲಿ ಪ್ಯಾರಿಸ್ಸಿನಲ್ಲಿ ಕಟಲನ್ ಕಲೆಯ ಪ್ರದರ್ಶನವೂ ನಡೆಯಿತು. ಅದೂ ದೊಡ್ಡ ಕಥೆಯೇ. ನನ್ನ ಸಲಹೆ ಇಷ್ಟೇ: ಸಾಧ್ಯವಾದರೆ ಕಣಿವೆ ಮೊದಲು, ಮ್ಯೂಸಿಯಂ ಆಮೇಲೆ. ಖಾಲಿ ಗೋಡೆ ನೋಡಿಕೊಂಡು ಬಂದವರಿಗೆ ಮ್ಯೂಸಿಯಂನ ಚಿತ್ರದ ಹಿಂದೆ ಚರ್ಚು ಕಾಣುತ್ತದೆ. ಮೊದಲು ಮ್ಯೂಸಿಯಂ ನೋಡಿದವರು ಕಣಿವೆಗೆ ಹೋದರೆ ಅಯ್ಯೋ ಇಷ್ಟೇನಾ ಅಂತಾರೆ, ನಿಮ್ಮ ಲೇಖಕರಿಗೂ ಹಾಗೇ ಆಗಿರಬೇಕು.

ಸಾಂಟ್ ಕ್ಲಿಮೆಂಟ್ ಒಂದನ್ನೇ ನೋಡಿ ವಾಪಸ್ ಬರುವವರು ಜಾಸ್ತಿ. ಅದು ಸರಿಯಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಊರ ನಡುವೆ ಸಾಂತಾ ಮರಿಯಾ ಇದೆ, ಮನೆಗಳು ಅದನ್ನು ಸುತ್ತಿಕೊಂಡಿವೆ. ಕೆಳಗೆ ಬೋಯಿ ಊರಿನ ಸಾಂಟ್ ಜುವಾನ್‌ಗೆ ಹೋದರೆ ಇನ್ನೊಂದು ಪಾಠ ಕಾದಿದೆ. ಈ ಚರ್ಚುಗಳೆಂದರೆ ಒರಟು ಕಲ್ಲು, ಬೋಳು ಗೋಡೆ, ಅದೇ ಇವುಗಳ ಸೊಗಸು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಮಧ್ಯಯುಗದವರು ಕಲ್ಲನ್ನು ಹಾಗೆ ಬೋಳಾಗಿ ಬಿಡುತ್ತಿರಲಿಲ್ಲ! ಗಾರೆ ಬಳಿದು, ಸುಣ್ಣ ಹಚ್ಚಿ, ಬಣ್ಣ ಹಾಕುತ್ತಿದ್ದರು. ಸಾಂಟ್ ಜುವಾನ್‌ನ ಒಳಗೆ ಗೋಡೆಗಳನ್ನು ಹಾಗೇ ಬಿಳಿ ಮಾಡಿ, ಮೂಲ ಚಿತ್ರಗಳು ಇದ್ದ ಜಾಗದಲ್ಲೇ ನಕಲು ಬರೆಸಿದ್ದಾರೆ. ಸಂತ ಸ್ಟೀಫನನ ಮೇಲೆ ಕಲ್ಲು ಎಸೆಯುವವರು, ದೊಂಬರಾಟದವರು, ಎಲ್ಲಿಯೂ ಇಲ್ಲದ ವಿಚಿತ್ರ ಪ್ರಾಣಿಗಳು. ಇವು ತಾಊಲ್‌ನ ಗುರುವಿನ ಚಿತ್ರಕ್ಕಿಂತ ಹಳೆಯವು, ಕೈ ಅಷ್ಟು ಪಳಗಿದ್ದಲ್ಲ, ಆದರೆ ಖುಷಿ ಜಾಸ್ತಿ. ಮುಂಚೆ ನಕಲನ್ನು ಬೈದು ಈಗ ನಕಲನ್ನು ಹೊಗಳುತ್ತಿದ್ದೀರಲ್ಲ ಅಂತ ಕೇಳಬಹುದು. ಕೇಳಿ ಪರವಾಗಿಲ್ಲ. ಇಲ್ಲಿ ನಕಲು ಅಸಲಿನ ಮೇಲೆ ಕೂತಿಲ್ಲ, ಒಂದು ಇಡೀ ಕೋಣೆ ಬಣ್ಣದಲ್ಲಿ ಹೇಗಿದ್ದಿರಬಹುದು ಅಂತ ತೋರಿಸುತ್ತದೆ, ಅದಕ್ಕೇ ಒಪ್ಪುತ್ತೇನೆ.

ಏರಿಲ್ ಲ ವಾಲ್‌ನ ಗೋಪುರ ಆರು ಅಂತಸ್ತಿನದು, ತೆಳ್ಳಗೆ, ನೆಟ್ಟಗೆ. ಸಾಂಟ್ ಕ್ಲಿಮೆಂಟ್‌ನ ಗೋಪುರಕ್ಕಿಂತ ಇದೇ ಚೆಂದ ಅಂತ ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ. ಒಳಗೆ ಶಿಲುಬೆಯಿಂದ ಇಳಿಸುವ ಏಳು ಮರದ ಮೂರ್ತಿಗಳ ಪ್ರತಿ ಇದೆ. ಮೂಲದವು ಎರಡು ಕಡೆ ಹಂಚಿಹೋಗಿವೆ: ಮಾತೆ ಮರಿಯ ಮತ್ತು ಯೊವಾನ್ನ ಬಾರ್ಸಿಲೋನಾದಲ್ಲಿ, ಕ್ರಿಸ್ತ, ಅರಿಮಥಾಯದ ಜೋಸೆಫ್, ನಿಕೊದೇಮ, ಇಬ್ಬರು ಕಳ್ಳರು ವಿಕ್ ಊರಿನ ಬಿಷಪ್ ಮ್ಯೂಸಿಯಂನಲ್ಲಿ. ತಾಯಿ ಒಂದು ಊರಲ್ಲಿ, ಮಗ ಇನ್ನೊಂದು ಊರಲ್ಲಿ! ಏಳೂ ಜನ ಒಟ್ಟಿಗೆ ಹೇಗೆ ನಿಂತಿರುತ್ತಿದ್ದರು ಅಂತ ನೋಡಬೇಕಾದರೆ, ಪ್ರತಿಯೇ ಆಗಲಿ, ಏರಿಲ್‌ಗೇ ಬರಬೇಕು. ಈ ಒಂದೇ ಕಾರಣ ಸಾಕು ನಿಮ್ಮ ಲೇಖಕರ ಮಾತನ್ನು ತಳ್ಳಿಹಾಕಲು.

ಬರ್ರುಎರಾ, ಕಾರ್ಡೆಟ್, ಕೋಲ್ ಮೂರಕ್ಕೂ ಅಷ್ಟು ಸಮಯ ಬೇಡ. ಕಾರ್ಡೆಟ್ ಇಳಿಜಾರಿನಲ್ಲಿ ಇರುವುದರಿಂದ ಅದರ ಅರ್ಧಗುಮ್ಮಟದ ಕೆಳಗೆ ಒಂದು ನೆಲಮನೆ ಇದೆ, ಕಣಿವೆಯಲ್ಲಿ ಬೇರೆಲ್ಲೂ ಇಲ್ಲ. ಅಷ್ಟು ಗಮನಿಸಿದರೆ ಆಯಿತು.

ದುರ್ರೊಗೆ ಮಾತ್ರ ನಡೆದೇ ಹೋಗಿ. ಬರ್ರುಎರಾದಿಂದ ಹತ್ತುವ ಕಾಲುದಾರಿ ಇದೆ, ರಸ್ತೆ ಆಗುವ ಮುಂಚೆ ಊರವರು ಓಡಾಡುತ್ತಿದ್ದ ದಾರಿ. ದುರ್ರೊ ದಾಟಿ ಇನ್ನೂ ಮೇಲೆ ಹೋದರೆ ಸಾಂಟ್ ಕಿರ್ಕ್ ಗುಡಿ, ಒಂದೇ ಅಂಕಣ, ಸುತ್ತ ಹುಲ್ಲುಗಾವಲು ಬಿಟ್ಟರೆ ಏನಿಲ್ಲ. ಇದರ ಬಲಿಪೀಠದ ಮುಂದಿನ ಚಿತ್ರಫಲಕ ಕೂಡ ಬಾರ್ಸಿಲೋನಾ ಸೇರಿದೆ: ಪುಟ್ಟ ಸಂತ ಕಿರ್ಕ್ ಮತ್ತು ಅವನ ತಾಯಿ ಜುಲಿಟಾಳನ್ನು ಗರಗಸದಿಂದ ಕೊಯ್ಯುವುದು, ಕೊಪ್ಪರಿಗೆಯಲ್ಲಿ ಬೇಯಿಸುವುದು. ಅಷ್ಟೆಲ್ಲ ಹಿಂಸೆ ನಡೆಯುತ್ತಿದ್ದರೂ ತಾಯಿ ಮಗ ಇಬ್ಬರ ಮುಖದಲ್ಲೂ ನೋವಿನ ಸುಳಿವೇ ಇಲ್ಲ. ಅಲ್ಲಿ ನಿಂತು ಕಣಿವೆ ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಈ ಗೋಪುರಗಳು ಒಂದಕ್ಕೊಂದು ಕಾಣುವ ಹಾಗೆ ಇವೆ, ಹಿಂದೆ ಸುದ್ದಿ ಮುಟ್ಟಿಸಲು, ಕಾವಲಿಗೆ ಬಳಕೆಯಾಗುತ್ತಿದ್ದವು ಅಂತ ಹೇಳುತ್ತಾರೆ. ಕಾರಿನಲ್ಲಿ ಒಂದೊಂದೇ ಚರ್ಚಿಗೆ ಹೋಗಿ ಟಿಕ್ ಹಾಕಿಕೊಂಡು ಬರುವವರಿಗೆ ಇವು ಒಂಬತ್ತು ಬಿಡಿ ಬಿಡಿ ಕಟ್ಟಡ. ನಡೆಯುವವರಿಗೆ ಮಾತ್ರ ಒಂದೇ ಸಾಲು.

ಬೇಸಿಗೆಯಲ್ಲಿ ಹೋದರೆ ಫಾಲ್ಯಸ್ ಹಬ್ಬ ಸಿಗಬಹುದು. ಜೂನ್, ಜುಲೈನಲ್ಲಿ ಒಂದೊಂದು ಊರಿಗೆ ಒಂದೊಂದು ರಾತ್ರಿ. ಬೆಟ್ಟದ ಮೇಲೆ ಬೆಂಕಿ ಹಚ್ಚಿ, ಉರಿಯುವ ಮರದ ದೊಂದಿಗಳನ್ನು ಹೆಗಲ ಮೇಲೆ ಹೊತ್ತು ಊರಿನ ಹುಡುಗರು, ಹುಡುಗಿಯರು, ದೊಡ್ಡವರು ಸಾಲಾಗಿ ಇಳಿಯುತ್ತಾರೆ. 2015ರಲ್ಲಿ ಇದೂ ಯುನೆಸ್ಕೊ ಪಟ್ಟಿಗೆ ಬಂತು, ಸ್ಪೇನ್, ಫ್ರಾನ್ಸ್, ಅಂಡೋರಾ ಮೂರೂ ಸೇರಿ ಕೇಳಿಕೊಂಡದ್ದು. ಮ್ಯೂಸಿಯಂಗೆ ಹೇರಿಕೊಂಡು ಹೋಗಲು ಆಗದ ವಸ್ತು ಇದೊಂದು.

ಚಿತ್ರಗಳನ್ನು ವಾಪಸ್ ಕೊಡಬೇಕಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅರಗಾನಿನ ಸಿಹೇನಾ ಮಠದ ಗೋಡೆಚಿತ್ರಗಳ ವಿಷಯದಲ್ಲಿ ಸ್ಪೇನ್‌ನ ಸುಪ್ರೀಂ ಕೋರ್ಟ್ 2025ರಲ್ಲಿ ಅವನ್ನು ಮಠಕ್ಕೆ ಹಿಂತಿರುಗಿಸಬೇಕು ಅಂತ ತೀರ್ಪು ಕೊಟ್ಟಿತು. ಅವು 1936ರ ಬೆಂಕಿಯಲ್ಲಿ ಸುಟ್ಟು ನಾಜೂಕಾಗಿವೆ, ಸಾಗಿಸಿದರೆ ಹಾಳಾಗುತ್ತವೆ ಅಂತ ಬಾರ್ಸಿಲೋನಾದ ಮ್ಯೂಸಿಯಂ ವಾದಿಸುತ್ತಾ ಬಂದಿದೆ. ಬೋಯಿ ಕಣಿವೆಯದ್ದು ಬೇರೆ ಕಥೆ. ಅಲ್ಲಿಂದ ದುಡ್ಡು ಕೊಟ್ಟು ಕೊಂಡದ್ದು, ಕೊಳ್ಳದಿದ್ದರೆ ಬಾಸ್ಟನ್ನಿಗೋ ಇನ್ನೆಲ್ಲಿಗೋ ಹೋಗುತ್ತಿತ್ತು. ಒಂದು ಸಲ ಗೋಡೆಯಿಂದ ಕಳಚಿದ ಬಣ್ಣವನ್ನು ಮತ್ತೆ ತೇವದ ಗೋಡೆಗೆ ಅಂಟಿಸಿ ಅಂತ ನಾನಂತೂ ಹೇಳಲಾರೆ. ಆದರೆ ಚಿತ್ರ ಕೊಂಡವರು ಚರ್ಚನ್ನು ಕೊಂಡಿಲ್ಲ. ಮ್ಯೂಸಿಯಂನಲ್ಲಿ ಎಲ್ಲ ಇದೆ, ಊರಿನಲ್ಲಿ ಏನೂ ಇಲ್ಲ ಅಂತ ನಾವು ಬರೆಯುತ್ತಾ ಹೋದರೆ, 1923ರಲ್ಲಿ ಉಳಿದದ್ದನ್ನೂ ಈಗ ನಾವೇ ಕಿತ್ತ ಹಾಗಾಗುತ್ತದೆ.

ಹೋಗುವವರಿಗೆ ಒಂದಿಷ್ಟು ವಿವರ. ಕಣಿವೆಗೆ ರೈಲು ಇಲ್ಲ. ಬಾರ್ಸಿಲೋನಾದಿಂದ ವಿಯೆಲ್ಹಾ ಕಡೆ ಹೋಗುವ ಬಸ್ಸು ಪೊಂತ್ ದ ಸುಯೆರ್ತ್‌ನಲ್ಲಿ ನಿಲ್ಲುತ್ತದೆ, ಅಲ್ಲಿಂದ ಟ್ಯಾಕ್ಸಿ ಹಿಡಿಯುವುದು ವಾಸಿ. ಕಾರು ಇದ್ದರೆ ಸುಲಭ. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅನ್ನಬೇಡಿ, ಒಂದು ರಾತ್ರಿಯಾದರೂ ಉಳಿಯಿರಿ. ಚರ್ಚುಗಳು ಸಾಮಾನ್ಯವಾಗಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮುಚ್ಚಿರುತ್ತವೆ, ಆ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತು ಗೊಣಗುವ ಪ್ರವಾಸಿಗರನ್ನು ಬೇಕಾದಷ್ಟು ನೋಡಿದೆ. ಏರಿಲ್‌ನಲ್ಲಿ ರೋಮನೆಸ್ಕ್ ಕೇಂದ್ರ ಅಂತ ಇದೆ, ಮೊದಲು ಅಲ್ಲಿಗೆ ಹೋದರೆ ಯಾವ ಚರ್ಚು ಯಾವಾಗ ತೆರೆದಿರುತ್ತದೆ ಅಂತ ಹೇಳುತ್ತಾರೆ, ಹಲವು ಚರ್ಚುಗಳಿಗೆ ಸೇರಿಸಿ ಟಿಕೆಟ್ಟೂ ಕೊಡುತ್ತಾರೆ. ಚಳಿಗಾಲದಲ್ಲಿ ಸ್ಕೀ ಆಡುವವರ ಗಲಾಟೆ, ಆಗಸ್ಟ್‌ನಲ್ಲಿ ಪಕ್ಕದ ಐಗ್ವೆಸ್ತೋರ್ತೆಸ್ ರಾಷ್ಟ್ರೀಯ ಉದ್ಯಾನಕ್ಕೆ ಬರುವವರ ಗಲಾಟೆ, ಹಾಗಾಗಿ ಸೆಪ್ಟೆಂಬರ್ ಕೊನೆ ಒಳ್ಳೆಯದು. ಸಾಂಟ್ ಕ್ಲಿಮೆಂಟ್‌ನ ಗೋಪುರ ಹತ್ತಲು ಬಿಡುತ್ತಾರೆ. ಮೆಟ್ಟಿಲು ಕಡಿದು, ಮೊಣಕಾಲು ನೋವಿದ್ದವರು ಸುಮ್ನೆ ಕೆಳಗೇ ಇರಿ.

ಕೊನೆಗೆ ಸಂಪಾದಕರಿಗೆ ಒಂದು ಸಣ್ಣ ಕೋರಿಕೆ. ಆ ಬರಹದ ಜೊತೆ ಹಾಕಿದ್ದ ಫೋಟೊ ಕೆಳಗೆ "ತಾಊಲ್ ಚರ್ಚಿನ ಒಳಾಂಗಣ" ಅಂತ ಬರೆದಿದ್ದೀರಿ. ಅದು ಚರ್ಚಲ್ಲ, ಮ್ಯೂಸಿಯಂ. ಫೋಟೊದ ಎಡ ಮೂಲೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಮತ್ತು ಹೊರದಾರಿಯ ಹಸಿರು ಫಲಕ ಎರಡೂ ಕಾಣುತ್ತಿವೆ. ಮುಂದಿನ ಭಾನುವಾರ ತಿದ್ದುಪಡಿ ಹಾಕಿ, ಜೊತೆಗೆ ಸಾಧ್ಯವಾದರೆ ಏರಿಲ್ ಗೋಪುರದ ಒಂದು ಫೋಟೊ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ